ಅಂಗಾಲಿನ ಕಿವಿ

ಮಾರ್ಚ್ 4, ಬೆಳಗ್ಗೆ 6.10

ಏಳು ವಾಲ್ವಿಗೆ ಕಿವಿ ಕೊಟ್ಟು ಆಯ್ತು, ಇನ್ನು ನಾಲ್ಕಿದೆ. ವ್ಯಾನಿನಲ್ಲಿ ಕೂತು ಬರೀತಿದೀನಿ. ಬೀದಿ ಏಳೋ ಮೊದಲೇ ಮುಗಿಸಬೇಕು. ಒಂದು ಸ್ಕೂಟರ್ ಸ್ಟಾರ್ಟ್ ಆದ್ರೆ ಸಾಕು, ನೆಲದಡಿಯ ನೀರಿನ ಮಾತು ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ.

ಗುದ್ದಲಿ ಅಣ್ಣ ಚಹಾ ತರೋಕೆ ಹೋಗಿದಾನೆ. ನಮ್ಮ ಜೋಡಿಗೆ ಹನ್ನೊಂದು ವರ್ಷ. ನಾನು ಕಬ್ಬಿಣದ ಕಡ್ಡಿಯ ಒಂದು ತುದಿ ರಸ್ತೆಗೂ ಇನ್ನೊಂದು ತುದಿ ಕಿವಿಗೂ ಇಟ್ಟು ‘ಇಲ್ಲಿ’ ಅಂತೀನಿ. ಅವನು ಅಗೀತಾನೆ. ಒಡೆದ ಪೈಪು ಅಲ್ಲೇ ಇರುತ್ತೆ. ಒಂದು ಸಲವಾದ್ರೂ ‘ಗ್ಯಾರಂಟಿನಾ?’ ಅಂತ ಕೇಳಿದವನಲ್ಲ. ನೀರು ಸರಬರಾಜು ಆಫೀಸಿನಲ್ಲಿ ನನ್ನನ್ನ ಯಾರೂ ಹೆಸರು ಹಿಡಿದು ಕರೆಯಲ್ಲ. ‘ಕಿವಿ ಮೇಡಂ’. ಕೇಳೋಕೆ ಒಂಥರಾ ಖುಷಿ, ಸುಳ್ಳು ಯಾಕೆ.

ಎಡಕಿವಿ ಎದ್ದಾಗಿನಿಂದ ಮುಚ್ಚಿದ ಹಾಗಿದೆ. ಸ್ನಾನದ ನೀರು ಹೊಕ್ಕಿರಬೇಕು. ಒಂಟಿಕಾಲಲ್ಲಿ ಕುಣಿದೆ, ಬರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ‘ಬಕಪಕ್ಷಿ ಕೂಡ ಇಷ್ಟು ಹೊತ್ತು ಒಂಟಿಕಾಲಲ್ಲಿ ಕುಣಿಯಲ್ಲ’ ಅಂದ್ರು. ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರದ ಟೀಚರ್ ಆಗಿದ್ದವರು. ಮನೆಯಲ್ಲಿ ಯಾರು ಕೆಮ್ಮಿದ್ರೂ ಒಂದು ಪ್ರಾಣಿ ಬರುತ್ತೆ.

ಮಾರ್ಚ್ 6, ಸಂಜೆ

ಒಣ ಗುಂಡಿ.

ಆರಡಿ ಅಗೆದ ಪಾಪ. ಪುಡಿಪುಡಿ ಮಣ್ಣು. ಪೈಪು ಒಂದು ಗೀರೂ ಇಲ್ಲದೆ ಮಲಗಿತ್ತು, ಎಬ್ಬಿಸಿದ್ದಕ್ಕೆ ಬೇಜಾರಾದ ಹಾಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಗುದ್ದಲಿ ಅಣ್ಣ ಮಣ್ಣು ವಾಪಸ್ ತುಂಬಿದ. ಬೈದಿದ್ರೆ ವಾಸಿ ಇತ್ತು.

ಅಷ್ಟು ಸ್ಪಷ್ಟ ಕೇಳಿಸಿತ್ತಲ್ಲ... ಸಣ್ಣಗೆ, ಬಿಡದೆ, ಸ್ಸ್ಸ್ ಅಂತ. ಈಗ ಅಡುಗೆಮನೆಯಲ್ಲೂ ಕೇಳಿಸ್ತಿದೆ. ನಲ್ಲಿ ನೋಡಿದೆ, ಬಂದಾಗಿದೆ. ಫ್ರಿಜ್ ಪ್ಲಗ್ ಕಿತ್ತೆ. ಆದ್ರೂ.

ಬಲಕಿವಿಗೆ ಬೆರಳಿಟ್ಟು ನೋಡಿದೆ. ಅತ್ತೆಯ ರೇಡಿಯೋ ಇಲ್ಲ, ಫ್ಯಾನ್ ಇಲ್ಲ, ಬೀದಿ ಇಲ್ಲ. ಬರೀ ಸ್ಸ್ಸ್.

ಮಾರ್ಚ್ 9

ಕಿವಿ ಡಾಕ್ಟರ್. ಗಾಜಿನ ಡಬ್ಬಿಯಂಥ ರೂಮಿನಲ್ಲಿ ಕೂರಿಸಿ ಸದ್ದು ಬಂದಾಗ ಗುಂಡಿ ಒತ್ತಿ ಅಂದ್ರು. ಎಡಗಡೆ ಸರದಿ ಬಂದಾಗ ಒತ್ತೋಕೆ ಕಾಯ್ತಾನೇ ಇದ್ದೆ. ಹೊರಗೆ ಅವರು ಬರ್ಕೊಳ್ತಾನೇ ಇದ್ರು. ಅಂದ್ರೆ ಸದ್ದು ಬರ್ತಾನೇ ಇತ್ತು.

ಒಳಗಿವಿಯ ನರ ಇದ್ದಕ್ಕಿದ್ದ ಹಾಗೆ ಕೆಲಸ ನಿಲ್ಲಿಸಿದೆಯಂತೆ. ಯಾಕೆ ಅಂತ ಎಷ್ಟೋ ಸಲ ಗೊತ್ತಾಗೋದೇ ಇಲ್ಲವಂತೆ. ಮೊದಲ ದಿನವೇ ಬರಬೇಕಿತ್ತು. ಮಾತ್ರೆ, ಆಮೇಲೆ ಕಿವಿಯೊಳಗೇ ಇಂಜೆಕ್ಷನ್. ‘ಪೂರ್ತಿ ಬರಬಹುದು, ಅರ್ಧ ಬರಬಹುದು, ಬರದೆಯೂ ಇರಬಹುದು. ಸುಳ್ಳು ಭರವಸೆ ಕೊಡಲ್ಲ’ ಅಂದ್ರು. ಸ್ಸ್ಸ್ ಅನ್ನೋದು ಕಿವಿ ತಾನೇ ಹುಟ್ಟಿಸೋ ಸದ್ದಂತೆ. ಹೊರಗೆ ಎಲ್ಲೂ ಇಲ್ಲ.

ಸೋರಿಕೆಯದೇ ಸದ್ದು! ಇಷ್ಟು ಸದ್ದುಗಳಲ್ಲಿ ಇದೇ ಬೇಕಿತ್ತಾ ಇದಕ್ಕೆ.

ಆದ್ರೆ ಆ ಡಾಕ್ಟರ್ ಒಳ್ಳೆಯವರು. ಹೊರಡುವಾಗ ಎದ್ದು ಬಂದು ಬಲಗಡೆ ನಿಂತು ಮತ್ತೊಮ್ಮೆ ನಿಧಾನವಾಗಿ ಎಲ್ಲ ಹೇಳಿದ್ರು. ಮನೆಗೆ ಬಂದು ಕನ್ನಡಿಯಲ್ಲಿ ಬಲಕಿವಿಗೆ ಥ್ಯಾಂಕ್ಸ್ ಹೇಳಿದೆ. ಇಷ್ಟು ವರ್ಷ ಒಂದು ಸಲವೂ ಹೇಳಿರಲಿಲ್ಲ.

ಯಾರಿಗೂ ಹೇಳಲ್ಲ. ಕಿವಿ ಹೋದ ಕಿವಿ ಮೇಡಂ... ನಗು ಬರುತ್ತೆ. ಬರಲ್ಲ.

ಮಾರ್ಚ್ 15

ಸಿಕ್ಕಿಬಿದ್ದೆ. ಅತ್ತೆ ಅಡುಗೆಮನೆಯಿಂದ ‘ಹಾಲು ಉಕ್ತು ನೋಡೇ’ ಅಂದಿದ್ದಾರೆ. ನನಗೆ ಕೇಳಿಸಿದ್ದು ‘ಕಾಲು ಉಳುಕ್ತು ನೋಡೇ’. ನೋವಿನ ಮುಲಾಮು ಹಿಡ್ಕೊಂಡು ಓಡಿದೆ. ಅವರ ಕಾಲು ಹಿಡಿದು ಸ್ಟೂಲಿನ ಮೇಲೆ ಕೂರಿಸಿ ತಿಕ್ಕೋಕೆ ಶುರು ಮಾಡಿದೀನಿ, ಹಿಂದೆ ಹಾಲು ಒಲೆಯೆಲ್ಲ ಹರಿದು ನೆಲಕ್ಕೆ ಬಂದಿದೆ. ಅತ್ತೆ ಕಾಲೂ ಎಳ್ಕೊಳ್ಳಲಿಲ್ಲ, ಒಲೆಯೂ ಆರಿಸಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದ್ರು.

‘ಯಾವ ಕಿವಿ?’

‘ಎಡ.’

‘ಎಷ್ಟು ದಿನದಿಂದ?’

ಹೇಳಿದೆ. ಎಲ್ಲ. ಅಳ್ತಾ ಹೇಳಿದ್ರಿಂದ ಅರ್ಧ ಅವರಿಗೂ ಕೇಳಿಸಿರಲ್ಲ. ಬೈತಾರೆ ಅಂದ್ಕೊಂಡೆ. ಸೆರಗಲ್ಲಿ ಕೈ ಒರೆಸ್ಕೊಂಡು ಪಾಠ ಶುರು ಮಾಡಿದ್ರು.

‘ಕಿವಿ ಅಂದ್ರೆ ತಲೆಗೆ ಇರೋ ಎರಡು ತೂತು ಅಷ್ಟೇ ಅಂದ್ಕೊಂಡಿದೀಯಲ್ಲ, ಅದೇ ತಪ್ಪು. ಚೇಳಿಗೆ ಕಿವಿ ಎಲ್ಲಿದೆ? ಕಾಲಲ್ಲಿ ಕೇಳುತ್ತೆ. ಮರಳಲ್ಲಿ ಒಂದು ಹುಳ ಹೆಜ್ಜೆ ಇಟ್ರೆ ಎಂಟು ಕಾಲಿಗೂ ಸುದ್ದಿ ಹೋಗುತ್ತೆ, ಒಂದಕ್ಕೆ ಕೂದಲೆಳೆಯಷ್ಟು ಮೊದಲು. ಯಾವ ಕಾಲಿಗೆ ಮೊದಲೋ ಆ ಕಡೆ ಊಟ.’

‘ನಂಗೆ ಎರಡೇ ಕಾಲು, ಅತ್ತೆ.’

‘ಎರಡನ್ನಾದ್ರೂ ಯಾವಾಗ ಉಪಯೋಗಿಸಿದೀಯ? ಮುಲಾಮು ಹಿಡ್ಕೊಂಡು ಓಡೋಕಾ?’

ಇಬ್ಬರೂ ನಕ್ಕು ನಕ್ಕು ನೆಲದ ಹಾಲು ಒರೆಸಿದ್ವಿ. ಎಷ್ಟೋ ದಿನದ ಮೇಲೆ ಎದೆ ಹಗುರ.

ಮಾರ್ಚ್ 16

ಇವರಿಗೂ ಹೇಳಿ ಆಯ್ತು. ಬಸ್ ಕಂಡಕ್ಟರ್, ಮೊದಲೇ ದೊಡ್ಡ ಗಂಟಲು. ಈಗ ಪಕ್ಕದಲ್ಲಿ ಕೂತು ‘ಊಟ ಆಯ್ತಾ’ ಅಂತ ಕೊನೇ ಸೀಟಿಗೆ ಕೇಳೋ ಹಾಗೆ ಕೂಗ್ತಾರೆ. ಎದುರು ಮನೆಯವರು ‘ಆಯ್ತು’ ಅಂದ್ರು.

ಮಾರ್ಚ್ 18

ಅತ್ತೆ ಹಟಕ್ಕೆ ಬಿದ್ದಿದ್ದಾರೆ. ದಿನಾ ಚಹಾ ಜೊತೆ ಒಂದು ಪ್ರಾಣಿ. ಮನುಷ್ಯನಿಗೆ ಆ ಇಂದ್ರಿಯ ಇದ್ದಿದ್ರೆ ಅಂತ ನಾನು ಯೋಚಿಸಿ ಸಂಜೆ ಹೇಳಬೇಕು. ಹೋಮ್‌ವರ್ಕು! ನಲವತ್ತೆರಡರ ವಯಸ್ಸಲ್ಲಿ.

ಮೊನ್ನೆ ಹಾವು. ಕೆಲವು ಹಾವಿಗೆ ಮೂತಿಯ ಹತ್ತಿರ ಕುಳಿ ಇದೆ, ಬಿಸಿ ‘ಕಾಣುತ್ತೆ’. ನನಗಿದ್ದಿದ್ರೆ ಇವರು ಡ್ಯೂಟಿ ಮುಗಿಸಿ ಬಂದಾಗ ಪಾದ ಕೆಂಡದ ಹಾಗೆ ಹೊಳೀತಿತ್ತು. ಕೇಳದೇನೇ ಬಿಸಿನೀರು ಇಡ್ತಿದ್ದೆ. ಈಗಲೂ ಇಡಬಹುದಿತ್ತಲ್ಲ ಅನ್ನಿಸಿ ಹೋಗಿ ಇಟ್ಟೆ.

ನಿನ್ನೆ ಶಾರ್ಕ್. ಬೇರೆ ಮೀನಿನ ಮೈಯ ವಿದ್ಯುತ್ತು ತಿಳಿಯುತ್ತಂತೆ. ‘ಮನುಷ್ಯನಿಗಿದ್ದಿದ್ರೆ, ಸಿಟ್ಟಿಲ್ಲ ಅಂತ ಗಂಡ ಹೇಳುವಾಗ ಎದೆ ಹೇಗೆ ಹೊಡ್ಕೊಳ್ತಿದೆ ಅಂತ ಹೆಂಡತಿಗೆ ಗೊತ್ತಾಗ್ತಿತ್ತು’ ಅಂದೆ. ಅತ್ತೆ: ‘ಒಂದು ಸಂಸಾರವೂ ಉಳೀತಿರಲಿಲ್ಲ. ಪಾಸ್.’

ಇವತ್ತು ಮಾಮೂಲಿ ಮೀನು. ಮೈಯ ಎರಡೂ ಬದಿಗೆ ಗೆರೆ ಇರುತ್ತೆ, ನೀರಿನ ಅಲುಗಾಟ ಆ ಗೆರೆಗೆ ತಿಳಿಯುತ್ತೆ. ಇದು ಮಾತ್ರ ನಂಗೆ ನಿಜವಾಗಿ ಬೇಕು. ಬೆಳಗ್ಗೆ ಎಡಗಡೆಯಿಂದ ಸೈಕಲ್ ಬಂದು ತೋಳಿಗೆ ಉಜ್ಜಿಕೊಂಡು ಹೋಯ್ತು. ಬೆಲ್ ಹೊಡೆದಿದ್ದನಂತೆ. ಬೈದ. ನಾನು ಸಾರಿ ಅಂದೆ. ಬದುಕಿ ಬಂದೆ, ಅದೇ ದೊಡ್ಡದು.

ಮಾರ್ಚ್ 19

ಎರಡನೇ ಒಣ ಗುಂಡಿ. ಇಂಜಿನಿಯರ್ ಸಾಹೇಬ್ರು ಬಂದು ಕೆಂಡಾಮಂಡಲ. ನಾನು ಬಾಯಿ ತೆಗೆಯೋ ಮೊದಲೇ ಗುದ್ದಲಿ ಅಣ್ಣ ಮುಂದೆ ಬಂದ. ‘ಮೇಡಂ ಹೇಳಿದ ಜಾಗ ಸರಿ ಇತ್ತು ಸಾರ್. ನಾನೇ ಮೂರಡಿ ಆಚೆ ಅಗೆದೆ. ಕಣ್ಣು ಮಂಜು.’

ಅವನ ಕಣ್ಣಿಗೆ ಏನೂ ಆಗಿಲ್ಲ. ಹದ್ದಿನ ಕಣ್ಣು. ಬೈಸ್ಕೊಂಡ ತಲೆ ತಗ್ಗಿಸಿ. ಅವನಿಗೆ ಏನೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಎಲ್ಲ ಗೊತ್ತು.



ಮಾರ್ಚ್ 20

ಹೇಳಿಬಿಟ್ಟೆ. ಬೆಳಗ್ಗೆ ಆಫೀಸು ತೆಗೆದ ತಕ್ಷಣ, ನಿಂತ್ಕೊಂಡೇ. ಎಡಕಿವಿ ಹೋಗಿದೆ ಸಾರ್, ಎರಡೂ ಗುಂಡಿ ನನ್ನ ತಪ್ಪು, ಅವನದಲ್ಲ. ಡಾಕ್ಟರ್ ಕಾಗದ ಮೇಜಿನ ಮೇಲೆ ಇಟ್ಟೆ.

ಸಾಹೇಬ್ರು ಕನ್ನಡಕ ತೆಗೆದು ಒರೆಸಿದ್ರು, ಮತ್ತೆ ಹಾಕ್ಕೊಂಡ್ರು. ‘ಮೊದಲೇ ಹೇಳಬಾರದಾಗಿತ್ತಾ.’ ಅಷ್ಟೇ. ಸಿಟ್ಟಲ್ಲ, ಬೇಸರ. ನಾಳೆಯಿಂದ ಕಂಪ್ಲೇಂಟ್ ಕೌಂಟರ್. ಕಡ್ಡಿ ಸ್ಟೋರಿಗೆ ಕೊಡಬೇಕು.

ಹೊರಗೆ ಗುದ್ದಲಿ ಅಣ್ಣ. ‘ಯಾಕ್ ಹೇಳಿದ್ರಿ?’ ‘ನಿನ್ನ ಕಣ್ಣು ಚೆನ್ನಾಗಿದೆ ಅಂತ ಹೇಳಬೇಕಿತ್ತು’ ಅಂದೆ. ಮುಖ ಆ ಕಡೆ ತಿರುಗಿಸ್ಕೊಂಡ.

ಏಪ್ರಿಲ್ 12

ಎಷ್ಟು ದಿನ ಆಯ್ತು ಬರೆದು. ಕೌಂಟರಿನಲ್ಲಿ ಕೂತು ಬರೆಯೋಕೆ ಏನಿದೆ. ಮೂರು ಇಂಜೆಕ್ಷನ್ ಆಯ್ತು, ಎಡಗಡೆ ಇನ್ನೂ ಗೋಡೆ. ಅತ್ತೆಯ ಪ್ರಾಣಿಗಳು ಮಾತ್ರ ರಜಾ ತಗೊಂಡಿಲ್ಲ. ವಲಸೆ ಹಕ್ಕಿ (ಭೂಮಿಯ ಆಯಸ್ಕಾಂತ ತಿಳಿಯುತ್ತೆ, ನಂಗೆ ಫೋನ್ ಯಾವ ರೂಮಲ್ಲಿ ಬಡ್ಕೊಳ್ತಿದೆ ಅಂತಲೇ ತಿಳಿಯಲ್ಲ), ಸೀಲ್ (ಮೀಸೆಯಿಂದ ಮೀನಿನ ಹಾದಿ ಹಿಡಿಯುತ್ತೆ, ಇವರಿಗೂ ಮೀಸೆ ಇದೆ, ಬೀಗದ ಕೈ ಸಿಗಲ್ಲ).

ಕೌಂಟರಿಗೆ ದಿನಾ ಒಂದೇ ಧ್ವನಿ: ಇಳಿಜಾರಿನ ಬೀದಿಯ ಮಕ್ಕಳಮನೆ ನಡೆಸೋ ಆಂಟಿ. ಕೆಲಸಕ್ಕೆ ಹೋಗೋರು ಮಕ್ಕಳನ್ನ ಬಿಟ್ಟು ಹೋಗ್ತಾರಲ್ಲ, ಆ ಥರದ್ದು. ‘ನಲ್ಲಿ ಬಿಕ್ಕಳಿಸ್ತಿದೆ ಮೇಡಂ. ಇಪ್ಪತ್ತೆರಡು ಮಕ್ಕಳ ಕೈ ತೊಳೆಸಬೇಕು.’ ಆ ಬೀದಿಗೆಲ್ಲ ಪ್ರೆಶರ್ ಇಲ್ಲ. ಸೋರಿಕೆ ಹುಡುಕೋ ಮೆಷಿನ್ ತಂಡ ಹೋಗಿ ಮೂರು ಕಡೆ ಅಗೆದಿದೆ. ಏನೂ ಇಲ್ಲ. ಅಲ್ಲಿರೋದು ಪ್ಲಾಸ್ಟಿಕ್ ಪೈಪು. ಕಬ್ಬಿಣದ ಪೈಪು ಬಾಯಿಬಡುಕ, ದೂರದವರೆಗೂ ಸಾರುತ್ತೆ. ಪ್ಲಾಸ್ಟಿಕ್ಕು ಗುಟ್ಟು ಬಿಟ್ಟುಕೊಡಲ್ಲ.

ಏಪ್ರಿಲ್ 20, ಶನಿವಾರ

ಇವತ್ತಿನ ಪ್ರಾಣಿ ಆನೆ. ದೂರದ ಆನೆಯ ಗುಡುಗಿನಂಥ ದನಿ ನೆಲದಲ್ಲೂ ಹರಿದು ಬರುತ್ತಂತೆ. ಕೇಳಬೇಕಾದ್ರೆ ಆನೆ ನಡೆಯೋದು ನಿಲ್ಲಿಸಿ, ಮುಂಗಾಲಿನ ಮೇಲೆ ಭಾರ ಹಾಕಿ, ಸ್ತಬ್ಧ ನಿಲ್ಲುತ್ತೆ. ಪಾದ, ಮೂಳೆ, ಅಲ್ಲಿಂದ ತಲೆಗೆ.

‘ಮೂಳೆಗೆ ಸ್ಸ್ಸ್ ಇದೆಯಾ?’ ಅಂತ ಕೇಳಿದ್ರು ಅತ್ತೆ, ಬ್ರೆಡ್ ಮೇಲೆ ಬೆಣ್ಣೆ ಸವರ್ತಾ.

‘ಏನು?’

‘ನಿನ್ನ ಸ್ಸ್ಸ್ ಕಿವಿಯದು ಅಂದ್ರಲ್ಲ ಡಾಕ್ಟರ್. ಅಂಗೈಯಲ್ಲಿ ಕೇಳಿಸುತ್ತಾ ಅದು? ಹಲ್ಲಲ್ಲಿ? ಅಂಗಾಲಲ್ಲಿ?’

ಬ್ರೆಡ್ ಕೈಯಲ್ಲೇ ಉಳೀತು. ಇಲ್ಲ. ಇಲ್ಲ! ಕಿವಿ ಸುಳ್ಳು ಹೇಳುತ್ತೆ, ಕೈ ಹೇಳಲ್ಲ.

ಗುದ್ದಲಿ ಅಣ್ಣನಿಗೆ ಫೋನ್ ಮಾಡಿದೆ. ‘ಸ್ಟೋರಿನಿಂದ ನನ್ನ ಕಡ್ಡಿ ಬೇಕಿತ್ತು.’ ‘ಸ್ಟೋರಿನಲ್ಲಿಲ್ಲ. ನಮ್ಮನೇಲಿದೆ. ಯಾರಾದ್ರೂ ಬಗ್ಗಿಸಿಬಿಟ್ರೆ ಅಂತ ತಂದಿಟ್ಟಿದ್ದೆ’ ಅಂದ.

ಏಪ್ರಿಲ್ 21, ಭಾನುವಾರ, ಬೆಳಗ್ಗೆ 9

ಆದದ್ದು ಆದ ಹಾಗೆ ಬರೀತೀನಿ.

ಐದೂವರೆಗೆ ಮೂವರೂ ಇಳಿಜಾರಿನ ಬೀದಿಯಲ್ಲಿ. ಅತ್ತೆ ಸ್ವೆಟರ್ ಹಾಕ್ಕೊಂಡು, ಮಡಚೋ ಕುರ್ಚಿ ತಂದು, ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ ಕೂತ್ರು. ‘ಚಪ್ಪಲಿ ಬಿಡು.’ ಬಿಟ್ಟೆ. ಆನೆಯ ಹಾಗೆ ಮುಂಗಾಲಿಗೆ ಭಾರ ಹಾಕಿ ನಿಂತೆ. ಚಳಿ ಬಿಟ್ರೆ ಏನೂ ಗೊತ್ತಾಗಲಿಲ್ಲ. ನಾಚಿಕೆ ಆಯ್ತು. ಹಾಲಿನವನು ಸೈಕಲ್ ನಿಲ್ಲಿಸಿ ನೋಡ್ತಿದ್ದ.

ಕಡ್ಡಿ ಊರಿದೆ. ಬಲಕಿವಿ ಇಟ್ರೆ ಏನೋ ಇದೆ, ಅದು ಪೈಪಿನದಾ ಎಡಕಿವಿಯದಾ ಬೇರೆ ಮಾಡೋಕೆ ಆಗ್ತಿಲ್ಲ. ಕಡ್ಡಿಯ ತುದಿ ಹಲ್ಲಲ್ಲಿ ಕಚ್ಚಿ ಹಿಡಿದೆ. ಕಬ್ಬಿಣದ ರುಚಿ. ಕಣ್ಣು ಮುಚ್ಚಿದೆ. ಮೆಷಿನ್ ತಂಡ ಅಗೆದ ಮೂರೂ ಜಾಗ, ಏನೂ ಇಲ್ಲ. ಹತ್ತು ಹೆಜ್ಜೆ ಕೆಳಗೆ, ಏನೂ ಇಲ್ಲ. ಇನ್ನೂ ಹತ್ತು. ದವಡೆಯಲ್ಲಿ ಸಣ್ಣ ಗುಂಯ್... ಬೆಕ್ಕಿನ ಹೊಟ್ಟೆಯ ಮೇಲೆ ಕೈ ಇಟ್ಟ ಹಾಗೆ. ಐದು ಹೆಜ್ಜೆ, ಜಾಸ್ತಿ. ಐದು ಹೆಜ್ಜೆ, ಹಲ್ಲು ಜುಮ್ಮೆಂದಿತು. ಕಣ್ಣು ಬಿಟ್ರೆ ಮಕ್ಕಳಮನೆಯ ಗೇಟು. ಅಲ್ಲಿ ಬರಿಗಾಲಿಗೂ ತಿಳೀತು. ಕಡ್ಡಿ ಇಲ್ಲದೆ. ಅಂಗಾಲಿಗೆ.

ಹಿಮ್ಮಡಿಯಿಂದ ಫುಟ್‌ಪಾತ್ ಕಲ್ಲಿಗೆ ಒಂದು ಏಟು ಹಾಕಿದೆ. ಗಟ್ಟಿ ನೆಲದ ಏಟು ಮೊಣಕಾಲಿಗೆ ವಾಪಸ್ ಬರುತ್ತೆ. ಇದು ಬರಲಿಲ್ಲ. ಡೋಲಿನ ಮೇಲೆ ನಿಂತ ಹಾಗೆ.

ಆಮೇಲೆ ಮೆಲ್ಲಗೆ ಹಿಂದೆ ಹೆಜ್ಜೆ ಹಾಕಿದೆ.

‘ಅಣ್ಣ, ಕೆಳಗೆ ಮಣ್ಣಿಲ್ಲ. ನೀರು ಕೊಚ್ಕೊಂಡು ಹೋಗಿದೆ.’

ಸಾಹೇಬ್ರಿಗೆ ಫೋನ್. ಭಾನುವಾರದ ನಿದ್ದೆಗಣ್ಣಿನ ದನಿ. ‘ಮೆಷಿನ್ ಅಲ್ಲಿ ಏನೂ ತೋರಿಸಿಲ್ಲ. ಹಲ್ಲಲ್ಲಿ ಕೇಳಿದ್ರಾ? ಮೇಡಂ... ಮತ್ತೆ ಒಣ ಗುಂಡಿ ಆದ್ರೆ ನಾನು ಮೇಲಿನವರಿಗೆ ಏನು ಹೇಳ್ಲಿ? ನಾಳೆ ಹತ್ತಕ್ಕೆ ಬಂದು ನೋಡ್ತೀನಿ.’

ಮಕ್ಕಳು ಎಂಟಕ್ಕೆ ಬರ್ತಾರೆ.

ಗುದ್ದಲಿ ಅಣ್ಣ ಫೋನ್ ಮಾತು ಕೇಳಿಸ್ಕೊಂಡ. ಹೋಗಿ ಅಡ್ಡಗಟ್ಟೆ, ಹಗ್ಗ, ಕೆಂಪು ಬಟ್ಟೆ ತಂದು ಗೇಟಿನ ಮುಂದೆ ಇಪ್ಪತ್ತಡಿ ಕಟ್ಟಿದ. ಆರ್ಡರ್ ಇಲ್ಲದೆ. ನಾನು ಮಕ್ಕಳಮನೆ ಆಂಟಿಯ ಮನೆಗೆ ಹೋಗಿ ಬಾಗಿಲು ಬಡಿದೆ. ‘ನಾಳೆ ಹಿಂದಿನ ಬಾಗಿಲಿಂದ ಮಕ್ಕಳನ್ನ ಒಳಗೆ ಬಿಡಿ. ಮುಂದಿನ ರೂಮಲ್ಲಿ ಯಾರನ್ನೂ ಕೂರಿಸಬೇಡಿ.’ ‘ಗ್ಯಾರಂಟಿನಾ?’ ಅಂದ್ರು. ‘ಇಲ್ಲ’ ಅಂದೆ. ‘ಆದ್ರೂ ದಯವಿಟ್ಟು.’ ನನ್ನ ಬರಿಗಾಲು ನೋಡಿದ್ರು. ‘ಆಯ್ತು’ ಅಂದ್ರು.

ಏಪ್ರಿಲ್ 22

9.20ಕ್ಕೆ ಬಿತ್ತು.

ಕೌಂಟರಿಗೆ ರಜಾ ಹಾಕಿ ಬೆಳಗ್ಗೆಯಿಂದ ಅಲ್ಲೇ ಕಾವಲು ನಿಂತಿದ್ವಿ. ಜನ ಬೈತಾ ಸುತ್ತು ಹಾಕ್ಕೊಂಡು ಹೋದ್ರು. ಒಬ್ಬರು ಹಗ್ಗ ಎತ್ತಿ ನುಗ್ಗೋಕೆ ನೋಡಿದ್ರು, ಗುದ್ದಲಿ ಅಣ್ಣ ಎರಡೂ ಕೈ ಚಾಚಿ ನಿಂತ. ಆಮೇಲೆ ಸದ್ದೇ ಇಲ್ಲದೆ... ನಂಗಂತೂ ಕೇಳಿಸಲಿಲ್ಲ, ಕಾಲಿಗೆ ತಿಳೀತು... ಫುಟ್‌ಪಾತಿನ ಕಲ್ಲು ಒಂದೊಂದಾಗಿ ಒಳಗೆ ಹೋಯ್ತು. ಗೇಟಿನ ಕಂಬ ಹೋಯ್ತು. ನಮ್ಮ ಅಡುಗೆಮನೆ ಹಿಡಿಸುವಷ್ಟು ಗುಂಡಿ. ತಳದಲ್ಲಿ ನೀರು, ಬಿಳೀ ನೊರೆ.

ಹಿಂದಿನ ರೂಮಿಂದ ಇಪ್ಪತ್ತೆರಡು ಮಕ್ಕಳು ಒಂದು, ಎರಡು, ಮೂರು ಅಂತ ಕೂಗಿ ಎಣಿಸ್ತಿದ್ದದ್ದು ಕೇಳಿಸ್ತಿತ್ತು. ಬಲಕಿವಿಗೆ. ಇಷ್ಟು ಚಂದದ ಸದ್ದು ಯಾವ ಪೈಪೂ ಮಾಡಿಲ್ಲ.

ಸಾಹೇಬ್ರು ಹತ್ತಕ್ಕೆ ಬಂದ್ರು. ಗುಂಡಿ ನೋಡಿದ್ರು. ಫುಟ್‌ಪಾತಿನ ಗಟ್ಟಿ ಇದ್ದ ತುದಿಯಲ್ಲಿ ಕೂತುಬಿಟ್ರು. ನೀರು ಕೊಟ್ಟೆ. ‘ಹತ್ತಕ್ಕೆ ಅಂದಿದ್ದೆ ಅಲ್ವಾ ನಾನು’ ಅಂದ್ರು. ಪಕ್ಕದಲ್ಲಿ ಕೂತೆ. ಅವರಿಗೂ ಎರಡು ಹೆಣ್ಣುಮಕ್ಕಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಕುರ್ಚಿಯಿಂದ ಎದ್ದು ಬಂದು ಬಗ್ಗಿ ನನ್ನ ಕಾಲು ಮುಟ್ಟಿದ್ರು. ‘ಅಯ್ಯೋ ಏನಿದು ಅತ್ತೆ!’ ಅಂತ ಹಿಂದೆ ಸರಿದೆ. ‘ನಿನಗಲ್ಲ ಕಣೆ. ಅಂಗಾಲು ಹೇಗಿದೆ ನೋಡ್ತಿದೀನಿ, ಎಲ್ಲಾದ್ರೂ ಕೊಯ್ದಿದೆಯಾ ಅಂತ.’ ಕಣ್ಣು ಒದ್ದೆ. ನನಗಲ್ಲವಂತೆ!

ಮೇ 6

ಮತ್ತೆ ಬೀದಿಗೆ ಹಾಕಿದ್ರು. ಷರತ್ತು ಒಂದೇ, ಟ್ರಾಫಿಕ್ ನೋಡೋಕೆ ಜೊತೆಗೆ ಯಾರಾದ್ರೂ ಇರಲೇಬೇಕು. ಇದ್ದಾನಲ್ಲ. ಮೊದಲ ವಾರ ನಾಲ್ಕು ಜಾಗ ತೋರಿಸಿದೆ, ನಾಲ್ಕರಲ್ಲೂ ನೀರು. ಐದನೇದು ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಅಂತಲೇ ಬರೆದೆ. ಹಾಗೆ ಬರೆಯೋದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಮೇ 24

ಗಾಜಿನ ಡಬ್ಬಿ ಮತ್ತೆ. ಎಡಗಡೆ... ಒತ್ತಿದೆ! ಮೂರು ಸಲ. ತಗ್ಗಿನ ಸದ್ದು ಸ್ವಲ್ಪ ವಾಪಸ್ ಬಂದಿದೆ. ಎತ್ತರದ್ದು ಇಲ್ಲ, ಇನ್ನು ಬರೋದೂ ಇಲ್ಲವೇನೋ ಅಂದ್ರು ಡಾಕ್ಟರ್. ಅಂದ್ರೆ ಹಕ್ಕಿ ಇಲ್ಲ, ಲಾರಿ ಇದೆ. ಲಾರಿ ಸಾಕು. ಲಾರಿ ಮುಖ್ಯ.

ಊಟ ಆದ್ಮೇಲೆ ಮಧ್ಯಾಹ್ನ ಬಲಗಡೆ ಒತ್ತಿ ಮಲಗಿದ್ದೆ. ಎಡಕಿವಿಗೆ ದೂರದಲ್ಲಿ ಯಾರೋ ಮರ ಕುಯ್ಯೋ ಸದ್ದು. ಎದ್ದು ನೋಡಿದ್ರೆ ಇವರ ಗೊರಕೆ. ಹದಿನಾರು ವರ್ಷ ಬೈದ ಗೊರಕೆ. ಎಬ್ಬಿಸದೆ ಕೂತು ಕೇಳಿದೆ.

ಜೂನ್ 17, ಬೆಳಗ್ಗೆ 6.40

ವ್ಯಾನಿನಲ್ಲಿ. ಮುಂದೆ ಕಸದ ಲಾರಿ ಅಡ್ಡ ನಿಂತಿದೆ. ಡ್ರೈವರ್ ಇಳಿದು ಲಾರಿಯವರ ಜೊತೆ ಹರಟೆ, ಗುದ್ದಲಿ ಅಣ್ಣ ಚಹಾಕ್ಕೆ.

ಈಗಷ್ಟೇ ಒಂದು ವಿಷಯ ಹೊಳೀತು. ನಾನು ಕಿಟಕಿ ಪಕ್ಕ ಕೂತಿದೀನಿ. ಎಡಗಡೆಯ ಕಿಟಕಿ. ಅದು ಗುದ್ದಲಿ ಅಣ್ಣನ ಜಾಗ. ಹನ್ನೊಂದು ವರ್ಷ ಯಾರಿಗೂ ಬಿಟ್ಟುಕೊಟ್ಟಿಲ್ಲ, ಒಂದು ಸಲ ಸಾಹೇಬ್ರನ್ನೇ ಮಧ್ಯ ಕೂರಿಸಿದ್ದ. ಯಾವಾಗಿನಿಂದ ನಾನಿಲ್ಲಿ? ಗಾಳಿ ಆಗಲ್ಲ, ಕೆಮ್ಮು ಅಂದಿದ್ದ. ಮಾರ್ಚಿನಲ್ಲಿ. ನಾನು ಯಾರಿಗೂ ಹೇಳೋ ಮೊದಲು. ಇಲ್ಲಿ ಕೂತ್ರೆ ಅವನೂ ಡ್ರೈವರೂ ಇಬ್ಬರೂ ನನ್ನ ಬಲಗಡೆ. ಎಲ್ಲ ಮಾತೂ ಕೇಳಿಸುತ್ತೆ.

ಮನೆಯ ಊಟದ ಮೇಜಿಗೂ ನಾನೀಗ ಗೋಡೆಯ ಬದಿ ಕೂರ್ತೀನಿ, ಎಡಗಡೆ ಗೋಡೆ. ಮೇಜು ತಿರುಗಿಸಿದ್ದು ಯಾರು? ಅತ್ತೆ ಬಿಸಿಲು ಬೀಳುತ್ತೆ ಅಂದಿದ್ರು. ಆ ಕಿಟಕಿಗೆ ಬಿಸಿಲೇ ಬರಲ್ಲ. ಇವರು ರಸ್ತೆಯಲ್ಲಿ ಯಾವಾಗಲೂ ಮುಂದೆ ನಡೆಯೋರು, ಈಗ ಎಡಗಡೆ ಅಂಟ್ಕೊಂಡೇ ಬರ್ತಾರೆ, ಗಾಡಿಗಳ ಕಡೆ. ಮಾತಾಡಬೇಕಾದ್ರೆ ಮಾತ್ರ ಸುತ್ತು ಹಾಕಿ ಈ ಕಡೆ ಬರ್ತಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ. ನಾನು ನೆಲದಡಿಯ ನೀರು ಹುಡುಕ್ತಾ ಇದ್ದೆ. ಇವರೆಲ್ಲ...

ಬಂದ. ಇವತ್ತು ಕೇಳೇ ಬಿಡ್ತೀನಿ, ಅಣ್ಣ, ಕಿಟಕಿ ಯಾಕೆ ಬಿಟ್ಟೆ ಅಂತ. ಎರಡು ಲೋಟ ಹಿಡ್ಕೊಂಡು ಹತ್ತಿದ, ಚಹಾ ಚೆಲ್ಲಿಕೊಂಡು ಡ್ರೈವರ್ ಕಡೆಯಿಂದ ತೂರಿ ಮಧ್ಯದಲ್ಲೇ ಕೂತ, ಗೇರಿಗೆ ಮೊಣಕಾಲು ತಾಗಿಸ್ಕೊಂಡು, ಆ ಎತ್ತರದ ಮೈ ಮಡಚಿ. ಕೇಳೋದು ಬಿಟ್ಟು ಲೋಟ ಇಸ್ಕೊಂಡೆ, ಅವನ ಮೊಣಕಾಲಿಗೆ ಜಾಗ ಆಗಲಿ ಅಂತ ಕಿಟಕಿಗೆ ಒತ್ತಿ ಕೂತೆ.